ಜಲಾಶಯದೊಳಗೆ ‘ಆಶೆ’ ಇದೆಯೇ? ಭರವಸೆಯ ಮಾತುಗಳನ್ನು ಓದುವ ಬಗೆ

ಮುಂಗಾರು ಶುರುವಾಗಿ ಎರಡು ವಾರ ಕಳೆಯಿತೆಂದರೆ ಮಂಡ್ಯದ ಟೀ ಅಂಗಡಿಗಳಲ್ಲಿ ಪೇಪರ್ ಓದುವ ಕ್ರಮವೇ ಬದಲಾಗುತ್ತದೆ. ಕಣ್ಣು ಮೊದಲು ಹೋಗುವುದು ಮುಖಪುಟದ ದೊಡ್ಡ ಸುದ್ದಿಗಲ್ಲ, ಮೂಲೆಯ ಚಿಕ್ಕ ಚೌಕದಲ್ಲಿ ಅಚ್ಚಾಗುವ ಕೆಆರ್‌ಎಸ್ ನೀರಿನ ಮಟ್ಟಕ್ಕೆ. ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಅದಾದ ಮೇಲೆ ಮಡಿಕೇರಿ ಕಡೆ ಮಳೆ ಎಷ್ಟು ಬಿತ್ತು ಅನ್ನುವ ವಿಚಾರ. ಮಿಕ್ಕಿದ್ದೆಲ್ಲ ಎರಡನೇ ಟೀಗೆ.

ಅಂಥ ಒಂದು ಬೆಳಿಗ್ಗೆ ಸಂಜಯ ವೃತ್ತದ ಹತ್ತಿರದ ಅಂಗಡಿಯಲ್ಲಿ ನನ್ನ ಪಕ್ಕ ಕೂತಿದ್ದ ಯಜಮಾನರೊಬ್ಬರು ಸುದ್ದಿಯೊಂದರ ಮೇಲೆ ಬೆರಳಿಟ್ಟರು. ಕಟ್ಟೆಗೆ, ಅಂದರೆ ಕೆಆರ್‌ಎಸ್ ಅಣೆಕಟ್ಟೆಗೆ, ನೀರು ಬರುತ್ತಿರುವ ಸುದ್ದಿ. ಅದರಲ್ಲಿ ಒಂದರ ಕೆಳಗೊಂದು ಮೂರು ಸಾಲು: ‘ರೈತರಲ್ಲಿ ಆಶಾಭಾವ ಮೂಡಿದೆ’, ‘ನಾಲೆಗಳಿಗೆ ಶೀಘ್ರವೇ ನೀರು ಹರಿಯುವ ನಿರೀಕ್ಷೆ ಇದೆ’, ‘ನೀರು ಬಿಡುವುದಾಗಿ ಅಧಿಕಾರಿಗಳು ಭರವಸೆ ನೀಡಿದ್ದಾರೆ’.

“ಸಾ, ಇದ್ಯಾಕೆ ಒಂದೇ ಮಾತ ಮೂರ್ ತರ ಬರ್ದವ್ರೆ? ನೀರ್ ಬುಡ್ತಾರೋ ಬುಡಾಕಿಲ್ವೋ, ಅದ್ ಹೇಳಿ.”

ಒಟ್ಲು (ಭತ್ತದ ಸಸಿಮಡಿ) ಹಾಕಬೇಕೋ ಬೇಡವೋ ಎಂದು ಲೆಕ್ಕ ಹಾಕುತ್ತಿರುವ ಮನುಷ್ಯನಿಗೆ ಇದು ಭಾಷೆಯ ಪ್ರಶ್ನೆಯಲ್ಲ, ಬಿತ್ತನೆ ಬೀಜದ ದುಡ್ಡಿನ ಪ್ರಶ್ನೆ. ಆದರೆ ಉತ್ತರ ಇರುವುದು ಭಾಷೆಯಲ್ಲೇ. ಆ ಮೂರು ಸಾಲು ಒಂದೇ ಮಾತಲ್ಲ. ಒಂದೊಂದೂ ಬೇರೆ ಬೇರೆ ಆಧಾರದ ಮೇಲೆ ನಿಂತಿದೆ, ಒಂದೊಂದಕ್ಕೂ ಬೇರೆ ಬೇರೆಯವರು ಹೊಣೆ.

ಬಸ್ ಸ್ಟ್ಯಾಂಡಿನಲ್ಲಿ ಐದು ಜನ

ರಾತ್ರಿ ಹತ್ತು ದಾಟಿದೆ. ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಊರಿನ ಕಡೆಯ ಬಸ್ಸಿಗೆ ಐದು ಜನ ಕಾಯುತ್ತಿದ್ದಾರೆ ಅಂದುಕೊಳ್ಳಿ.

ಮೊದಲನೆಯವರಿಗೆ ಬಸ್ಸಿನ ಟೈಮು ಗೊತ್ತಿಲ್ಲ, ಯಾರನ್ನೂ ಕೇಳಿಯೂ ಇಲ್ಲ. ಒಂದು ಬಸ್ ಬಂದರೆ ಸಾಕಪ್ಪಾ ಎಂದು ಕೂತಿದ್ದಾರೆ. ಅವರದು ಆಸೆ. ಎರಡನೆಯವರು ದಿನಾ ಇದೇ ಹೊತ್ತಿಗೆ ಬಸ್ ಬರುವುದನ್ನು ಕಂಡವರು. ಕತ್ತು ಹೊರಳಿಸಿ ಗೇಟಿನ ಕಡೆ ನೋಡುತ್ತಿದ್ದಾರೆ. ಅದು ನಿರೀಕ್ಷೆ. ಮೂರನೆಯವರಿಗೆ ಆ ಬಸ್ಸಿನ ಡ್ರೈವರ್ ಪರಿಚಯ. ‘ತಡ ಮಾಡ್ತಾನೆ, ತಪ್ಪಿಸೋನಲ್ಲ’ ಅನ್ನುತ್ತಾರೆ. ಅದು ನಂಬಿಕೆ. ನಾಲ್ಕನೆಯವರು ಕಂಟ್ರೋಲರ್ ಹತ್ತಿರ ಹೋಗಿ ಕೇಳಿ ಬಂದಿದ್ದಾರೆ. ಆತ ‘ಬರುತ್ತೆ, ಕೂತ್ಕೊಳಿ’ ಅಂದಿದ್ದಾನೆ. ಅವರಿಗೆ ಸಿಕ್ಕಿರುವುದು ಭರವಸೆ. ಐದನೆಯವನು ಚುರುಕಿನವನು. ಬಸ್ ಗೇಟಿನೊಳಗೆ ತಿರುಗುತ್ತಿದ್ದ ಹಾಗೇ ಓಡಿಹೋಗಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಾಯಿತು. ಅವನದು ಖಾತ್ರಿ.

ಐವರೂ ಬಯಸುತ್ತಿರುವುದು ಒಂದನ್ನೇ. ಅವರ ಬಯಕೆ ಯಾವುದರ ಮೇಲೆ ಊರಿ ನಿಂತಿದೆ ಅನ್ನುವುದಷ್ಟೇ ಬೇರೆ. ಆಸೆಗೆ ತನ್ನ ಮನಸ್ಸೇ ಆಧಾರ. ನಿರೀಕ್ಷೆಗೆ ಕಂಡ ಅನುಭವ ಆಧಾರ. ನಂಬಿಕೆಗೆ ಒಬ್ಬ ಮನುಷ್ಯನ ಗುಣ, ಭರವಸೆಗೆ ಇನ್ನೊಬ್ಬರ ಬಾಯಿಮಾತು. ಬಸ್ ಬರದೇ ಹೋದರೆ ಈ ವ್ಯತ್ಯಾಸ ತಟ್ಟನೆ ಕಣ್ಣಿಗೆ ಹೊಡೆಯುತ್ತದೆ. ಮೊದಲನೆಯವರು ಯಾರನ್ನೂ ಕೇಳುವ ಹಾಗಿಲ್ಲ. ನಾಲ್ಕನೆಯವರು ಮಾತ್ರ ಎದ್ದು ಹೋಗಿ ‘ಏನ್ರೀ, ಬರುತ್ತೆ ಅಂದ್ರಲ್ಲಾ?’ ಎಂದು ಜೋರು ಮಾಡಬಹುದು.

ಆಸೆಗೆ ಕೆಟ್ಟ ಹೆಸರು ಬಂದದ್ದು

‘ಆಸೆ’ ಅಚ್ಚಗನ್ನಡದ ಹಾಗೆ ಕೇಳಿಸಿದರೂ ಅದು ಸಂಸ್ಕೃತದ ‘ಆಶಾ’ ಕನ್ನಡಕ್ಕೆ ಬಂದು ಪಳಗಿದ ರೂಪ. ಹೀಗೆ ಪಳಗಿದ ಪದವನ್ನು ತದ್ಭವ ಅನ್ನುತ್ತಾರೆ. ಸಂಸ್ಕೃತದ ಶಕಾರ ಕನ್ನಡಕ್ಕೆ ಬರುವಾಗ ಸಕಾರವಾಗುವುದನ್ನು 13ನೇ ಶತಮಾನದ ವೈಯಾಕರಣ ಕೇಶಿರಾಜನೇ ಗುರುತಿಸಿದ್ದ. ಶಶಿ ಸಸಿಯಾದ ಹಾಗೆ ಆಶಾ ಆಸೆಯಾಯಿತು. ಉತ್ತರ ಕರ್ನಾಟಕದ ಕಡೆ ‘ಆಶೆ’ ಎಂಬ ರೂಪವೂ ಬಾಯಲ್ಲಿದೆ. ನಮ್ಮ ಸೀಮೆಯಲ್ಲಿ ಆಸೆಯೇ.

ಈ ಒಂದು ಪದದೊಳಗೆ ಎರಡು ಅರ್ಥ ಸಂಸಾರ ಮಾಡುತ್ತಿವೆ. ಒಂದು ಬಯಕೆ, ಇನ್ನೊಂದು ‘ಒಳ್ಳೆಯದಾಗುತ್ತದೆ’ ಎಂಬ ಎಣಿಕೆ. ಯಾವ ಅರ್ಥ ಎಂದು ಹೇಳುವುದು ಜೊತೆಗೆ ಬರುವ ಕ್ರಿಯಾಪದ. ‘ಮಗು ಮೈಸೂರು ಪಾಕಿಗೆ ಆಸೆಪಟ್ಟಿತು’ ಅಂದರೆ ಬಯಕೆ. ‘ಮಗನ ಮೇಲೆ ಆಸೆ ಇಟ್ಟುಕೊಂಡಿದ್ದಾರೆ’ ಅಂದರೆ ಎಣಿಕೆ. ‘ಡಾಕ್ಟರು ಆಸೆ ಬಿಟ್ಟರು’ ಅಂದಾಗ ಅದು ಬಯಕೆಯಂತೂ ಅಲ್ಲವೇ ಅಲ್ಲ. ‘ಆಸೆ ತೋರಿಸಿದ’ ಅಂದರೆ ಎರಡನ್ನೂ ಬಳಸಿಕೊಂಡು ಟೋಪಿ ಹಾಕಿದ ಎಂದೇ ಲೆಕ್ಕ.

ಬಯಕೆಯ ಅರ್ಥದಿಂದಾಗಿ ಆಸೆಗೆ ಕೆಟ್ಟ ಹೆಸರು ಅಂಟಿಕೊಂಡಿತು. ಹೊನ್ನು ಹೆಣ್ಣು ಮಣ್ಣು ಮಾಯೆಯಲ್ಲ, ಮನಸ್ಸಿನ ಮುಂದಿರುವ ಆಸೆಯೇ ಮಾಯೆ ಎಂದರು 12ನೇ ಶತಮಾನದ ಅಲ್ಲಮಪ್ರಭುಗಳು. ‘ಆಸೆಯೇ ದುಃಖಕ್ಕೆ ಮೂಲ’ ಎಂಬ ಬುದ್ಧನ ಮಾತು ಲಾರಿಗಳ ಹಿಂದೆಲ್ಲ ಇದೆ. ಇಲ್ಲೊಂದು ಸೂಕ್ಷ್ಮವಿದೆ. ಬೌದ್ಧ ಗ್ರಂಥಗಳು ಬಳಸುವ ಪದ ಆಶಾ ಅಲ್ಲ, ಪಾಲಿಯ ‘ತಣ್ಹಾ’, ಸಂಸ್ಕೃತದಲ್ಲಿ ತೃಷ್ಣಾ. ಅದರ ಮೂಲ ಅರ್ಥ ಬಾಯಾರಿಕೆ. ಎಷ್ಟು ಕುಡಿದರೂ ತಣಿಯದ ದಾಹವನ್ನು ಬುದ್ಧ ದುಃಖದ ಮೂಲ ಎಂದನೇ ಹೊರತು, ಮಳೆ ಬಂದೀತು ಎಂದು ಮುಗಿಲು ನೋಡುವ ರೈತನನ್ನಲ್ಲ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಇರುವುದರಿಂದ ಪಾಪ, ಆ ರೈತನೂ ಬೈಗುಳಕ್ಕೆ ಸಿಕ್ಕಿಕೊಂಡ.

ಇದರ ಪರಿಣಾಮವನ್ನು ಈಗಿನ ಬರವಣಿಗೆಯಲ್ಲೂ ಕಾಣಬಹುದು. ಬೈಯುವಾಗ ‘ಸ’ ಬರುತ್ತದೆ: ಆಸೆಬುರುಕ, ದುರಾಸೆ, ಅತಿಯಾಸೆ. ಮೆಚ್ಚುವಾಗ ಸಂಸ್ಕೃತದ ‘ಶ’ ವಾಪಸ್ ಬರುತ್ತದೆ: ಆಶಾಭಾವ, ಆಶಾಕಿರಣ, ಆಶಾದಾಯಕ. ನಿಯಮವೇನಲ್ಲ, ಆದರೆ ಪತ್ರಿಕೆಯವರು ‘ರೈತರಲ್ಲಿ ಆಸೆ ಮೂಡಿದೆ’ ಎನ್ನದೆ ‘ಆಶಾಭಾವ ಮೂಡಿದೆ’ ಎಂದು ಬರೆಯುವುದರ ಹಿಂದೆ ಈ ಎಚ್ಚರ ಕೆಲಸ ಮಾಡುತ್ತಿದೆ ಅನ್ನಿಸುತ್ತದೆ. ಒಗೆದು ಇಸ್ತ್ರಿ ಮಾಡಿದ ಆಸೆಯೇ ಆಶಾಭಾವ.

ಇದೇ ಪದ ಊರೂರಲ್ಲಿ ಇನ್ನೊಂದು ವೇಷದಲ್ಲಿ ಓಡಾಡುತ್ತದೆ. ‘ಆಶಾದೋರು ಬಂದವ್ರೆ’ ಎಂದರೆ ಆರೋಗ್ಯ ಇಲಾಖೆಯ ಆಶಾ ಕಾರ್ಯಕರ್ತೆ ಬಂದಿದ್ದಾರೆ ಎಂದು. 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ‘ಅಕ್ರೆಡಿಟೆಡ್ ಸೋಷಿಯಲ್ ಹೆಲ್ತ್ ಆ್ಯಕ್ಟಿವಿಸ್ಟ್’ ಎಂಬ ಉದ್ದನೆಯ ಹೆಸರಿನ ಮೊದಲಕ್ಷರಗಳು ಸೇರಿ ‘ಆಶಾ’ ಆಯಿತು.

ಆಸೆ ಮುರಿದಾಗಿನ ಮಾತುಗಳಲ್ಲೂ ಮೆಟ್ಟಿಲುಗಳಿವೆ. ಕಾದದ್ದು ಬರಲಿಲ್ಲವಾದರೆ ನಿರಾಸೆ, ಅಂದರೆ ಆಸೆ ಇಲ್ಲದಾದ ಸ್ಥಿತಿ. ಹತಾಶೆ ಅದಕ್ಕಿಂತ ಕಠಿಣ. ‘ಹತ’ ಎಂದರೆ ಕೊಲ್ಲಲ್ಪಟ್ಟ. ಒಂದು ವರ್ಷ ನಾಲೆಗೆ ನೀರು ಬಾರದಿದ್ದರೆ ನಿರಾಸೆ; ಸಾಲದ ಮೇಲೆ ಸಾಲವಾಗಿ ಇನ್ನು ಕಾಯುವ ಶಕ್ತಿಯೇ ಇಲ್ಲ ಎಂಬಂತಾದರೆ ಹತಾಶೆ. ಎರಡನ್ನೂ ಅದಲು ಬದಲು ಮಾಡಿ ಬಳಸುವುದು ಈಗ ರೂಢಿ. ಆದರೆ ಎರಡನೆಯದನ್ನು ಕಂಡಾಗ ಓದುಗ ಸ್ವಲ್ಪ ನಿಂತು ನೋಡುವುದು ಒಳ್ಳೆಯದು.

ಇನ್ನು ಆಸೆಯ ಜೊತೆಗೆ ನಾವು ಬಳಸುವ ಎಷ್ಟೋ ಕ್ರಿಯಾಪದಗಳು ಹೊಲಗದ್ದೆಯವು. ಆಸೆ ಮೊಳೆಯುತ್ತದೆ, ಚಿಗುರುತ್ತದೆ, ಬಾಡುತ್ತದೆ, ಕಮರುತ್ತದೆ, ಬತ್ತುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟು ಕಟ್ಟೆ ತುಂಬದೇ ಹೋದಾಗ ಇಲ್ಲಿನ ಮಾತುಕತೆಯಲ್ಲಿ ಕೊನೆಯ ಮೂರೇ ಕೇಳುತ್ತಿದ್ದವು. 2025ರಲ್ಲಿ ಕೆಆರ್‌ಎಸ್‌ನ ಇತಿಹಾಸದಲ್ಲೇ ಮೊದಲ ಬಾರಿಗೆ ಜೂನ್ ತಿಂಗಳಲ್ಲೇ ಕಟ್ಟೆ ಭರ್ತಿಯಾಗಿ, ತಿಂಗಳ ಕೊನೆಗೆ ಬಾಗಿನ ಅರ್ಪಿಸಿದ್ದೂ ಆಯಿತು. ಆಗ ಎಲ್ಲೆಲ್ಲೂ ಚಿಗುರಿದ್ದೇ ಚಿಗುರಿದ್ದು.

ಜಲಾಶಯದ ‘ಆಶಯ’ ಬೇರೆ

ಕಟ್ಟೆಯ ಮಾತು ಬಂದದ್ದರಿಂದ ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡೋಣ. ‘ಜಲಾಶಯ’ದಲ್ಲಿ ಆಶೆ ಇದೆ, ಜಲದ ಆಶೆಯೇ ಜಲಾಶಯ ಎಂದು ಭಾಷಣಗಳಲ್ಲಿ ಹೇಳುವವರಿದ್ದಾರೆ. ಕೇಳಲು ಚೆಂದ, ಆದರೆ ಸರಿಯಲ್ಲ.

ಜಲಾಶಯ ಎಂದರೆ ಜಲ ಮತ್ತು ಆಶಯ. ಈ ಆಶಯ ಬಂದಿರುವುದು ಮಲಗು, ಒರಗು ಎಂಬ ಅರ್ಥದ ‘ಶೀ’ ಧಾತುವಿನಿಂದ. ಶಯನ, ಶಯ್ಯೆ ಅದೇ ಮನೆಯವು. ಹಾಗಾಗಿ ಜಲಾಶಯ ಎಂದರೆ ನೀರು ಮಲಗಿರುವ ಜಾಗ. ಗರ್ಭಾಶಯ, ಮೂತ್ರಾಶಯ, ಪಿತ್ತಾಶಯಗಳಲ್ಲಿರುವುದೂ ಅದೇ ಆಶಯ. ಯಾವುದೋ ಒಂದು ತಂಗಿರುವ ತಾಣ. ಮನಸ್ಸಿನಲ್ಲಿ ತಂಗಿರುವ ಇಂಗಿತಕ್ಕೂ ಹಾಗಾಗಿಯೇ ಆಶಯ ಎಂಬ ಹೆಸರು. ಸಭೆಗಳಲ್ಲಿ ‘ಆಶಯ ಭಾಷಣ’ ಮಾಡುವವರು ಆಸೆ ಹೇಳಿಕೊಳ್ಳಬೇಕಿಲ್ಲ, ಒಳಗಿರುವ ಉದ್ದೇಶ ಹೇಳಿದರೆ ಸಾಕು.

ಸಂಸ್ಕೃತದಲ್ಲಿ ‘ಆಶಾ’ ಎಂಬ ರೂಪಕ್ಕೆ ದಿಕ್ಕು ಎಂಬ ಇನ್ನೊಂದು ಅರ್ಥವೂ ಇದೆ. ದಿಕ್ಕನ್ನೇ ಬಟ್ಟೆಯಾಗಿ ಉಟ್ಟವರು ದಿಗಂಬರರು. ಅವರಿಗೇ ‘ಆಶಾಂಬರ’ ಎಂಬ ಹೆಸರೂ ಉಂಟು. ಅಲ್ಲಿ ಆಸೆ ಹುಡುಕಿದರೆ ಅರ್ಥ ಪೂರಾ ತಲೆಕೆಳಗಾಗುತ್ತದೆ. ಇಂಥ ಸಿಕ್ಕುಗಳನ್ನು ಬಿಡಿಸುವುದಕ್ಕೆಂದೇ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ ವರ್ಷಗಟ್ಟಲೆ ‘ಇಗೋ ಕನ್ನಡ’ ಅಂಕಣ ಬರೆದರು. ಅವರ ಹೆಸರಿನ ಮೊದಲಲ್ಲಿರುವ ‘ಜಿ’ ನಮ್ಮ ಶ್ರೀರಂಗಪಟ್ಟಣದ ಪಕ್ಕದ ಗಂಜಾಂ.

ಆಸೆ ಇಲ್ಲದ ಜಲಾಶಯದಲ್ಲಿ ಲೆಕ್ಕ ಮಾತ್ರ ಪಕ್ಕಾ ಇದೆ. ಕೆಆರ್‌ಎಸ್ ತುಂಬಿದಾಗ ಮಲಗಿರುವ ನೀರು 49.452 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ.

ನಿರೀಕ್ಷೆ: ಕಣ್ಣಿನ ಕೆಲಸ

ಪರೀಕ್ಷೆ, ಸಮೀಕ್ಷೆ, ಅಪೇಕ್ಷೆ, ಉಪೇಕ್ಷೆ, ಪ್ರತೀಕ್ಷೆ, ನಿರೀಕ್ಷೆ. ಇವೆಲ್ಲ ಒಂದೇ ತಾಯಿಯ ಮಕ್ಕಳು. ತಾಯಿ ‘ಈಕ್ಷ್’ ಎಂಬ ಧಾತು, ಅರ್ಥ ನೋಡು. ಸುತ್ತಲೂ ನೋಡಿದರೆ ಪರೀಕ್ಷೆ, ಕಂಡೂ ಕಾಣದಂತಿದ್ದರೆ ಉಪೇಕ್ಷೆ, ಎದುರು ನೋಡಿದರೆ ನಿರೀಕ್ಷೆ. ಕನ್ನಡದ ‘ಎದುರುನೋಡು’ ಮತ್ತು ‘ದಾರಿ ನೋಡು’ ಕೂಡ ಕಣ್ಣಿನ ಮಾತುಗಳೇ.

ನಿರೀಕ್ಷೆಯಲ್ಲಿ ನೋಡುವುದು ಮುಖ್ಯ, ಬಯಸುವುದು ಆಮೇಲಿನದು. ಈ ಪದ ಕಚೇರಿಗಳಲ್ಲಿ ಎಲ್ಲೆಲ್ಲಿ ಕೂತಿದೆ ಎಂದು ಗಮನಿಸಿದರೆ ಇದು ಗೊತ್ತಾಗುತ್ತದೆ. ಕಂದಾಯ ನಿರೀಕ್ಷಕರು ಏನನ್ನೂ ಆಸೆಪಡುವವರಲ್ಲ (ಕನಿಷ್ಠ ಹುದ್ದೆಯ ಹೆಸರಿನ ಪ್ರಕಾರ). ಸ್ಥಳಕ್ಕೆ ಬಂದು ನೋಡುವವರು. ನಿರೀಕ್ಷಣಾ ಜಾಮೀನು ಎಂದರೆ ಬಂಧನವನ್ನು ಬಯಸುವುದಲ್ಲ. ಬಂಧಿಸಬಹುದು ಎಂದು ಮುಂದಾಗಿ ಕಂಡು ಕೋರ್ಟಿಗೆ ಹೋಗುವುದು.

ಹವಾಮಾನದ ಸುದ್ದಿಯಲ್ಲಿ ‘ವಾಡಿಕೆಯಷ್ಟು ಮಳೆಯ ನಿರೀಕ್ಷೆ’ ಎಂದು ಬಂದಾಗಲೂ ಹೀಗೇ ಓದಬೇಕು. ಭಾರತೀಯ ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಒಮ್ಮೆ, ಮೇ ಕೊನೆಯ ಹೊತ್ತಿಗೆ ಮತ್ತೊಮ್ಮೆ ಮುಂಗಾರಿನ ಮುನ್ಸೂಚನೆ ಕೊಡುತ್ತದೆ. ಅದರ ಅಳತೆಗೋಲು ‘ದೀರ್ಘಾವಧಿ ಸರಾಸರಿ’. 1971ರಿಂದ 2020ರವರೆಗಿನ ಐವತ್ತು ವರ್ಷಗಳ ಲೆಕ್ಕದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡೀ ದೇಶಕ್ಕೆ ಬೀಳುವ ಸರಾಸರಿ ಮಳೆ 87 ಸೆಂಟಿಮೀಟರ್. ಇದರ ಶೇ 96ರಿಂದ 104ರಷ್ಟು ಬಿದ್ದರೆ ಅದನ್ನು ವಾಡಿಕೆ ಮಳೆ ಅನ್ನುತ್ತಾರೆ. ಹಳೆಯ ದಾಖಲೆ, ಸಾಗರದ ಬಿಸಿ, ಗಾಳಿಯ ಚಲನೆ ಎಲ್ಲ ನೋಡಿ ಹೇಳಿದ ಮಾತು ಅದು. ಮೋಡ ಯಾರಿಗೂ ಮಾತು ಕೊಟ್ಟಿಲ್ಲ. ದೇಶದ ಸರಾಸರಿ ವಾಡಿಕೆಯಷ್ಟೇ ಇದ್ದು ಕೊಡಗಿನಲ್ಲಿ ಮಳೆ ಕಮ್ಮಿಯಾದರೆ ಕಟ್ಟೆಗೆ ಬರುವ ನೀರೂ ಕಮ್ಮಿಯೇ. ನಿರೀಕ್ಷೆ ಹುಸಿಯಾದರೆ ‘ಲೆಕ್ಕ ತಪ್ಪಿತು’ ಅನ್ನಬಹುದು, ‘ಮಾತು ತಪ್ಪಿದರು’ ಅನ್ನಲಾಗದು.

ಒಂದು ಕುತೂಹಲದ ಸಂಗತಿ. ಪ್ರಾಟೆಸ್ಟಂಟ್ ಕ್ರೈಸ್ತರು ಬಹುಕಾಲದಿಂದ ಓದುತ್ತ ಬಂದ ಕನ್ನಡ ಬೈಬಲ್ಲಿನಲ್ಲಿ ನಿಲ್ಲುವ ಮೂರು ಗುಣಗಳ ಹೆಸರು ‘ನಂಬಿಕೆ, ನಿರೀಕ್ಷೆ, ಪ್ರೀತಿ’. ಅಲ್ಲಿ ನಿರೀಕ್ಷೆಯೇ ಭರವಸೆಯ ಜಾಗದಲ್ಲಿ ಕೂತಿದೆ, ಆಸೆ ಅಲ್ಲ. ಆಸೆಗೆ ಅಂಟಿದ ಮಣ್ಣನ್ನು ಆ ಅನುವಾದಕರೂ ಕಂಡಿರಬೇಕು.

ಭರವಸೆ: ಇರುವುದೋ, ಕೊಟ್ಟದ್ದೋ

ಗೊಂದಲ ಹೆಚ್ಚಿರುವುದು ಈ ಪದದಲ್ಲಿ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನ.

ಭರವಸೆಗೆ ಮರಾಠಿಯಲ್ಲಿ ‘ಭರವಸಾ’, ಹಿಂದಿ ಮತ್ತು ಉರ್ದುವಿನಲ್ಲಿ ‘ಭರೋಸಾ’ ಎಂಬ ನೆಂಟರಿದ್ದಾರೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ‘ಭರೋಸಾ’ ಎಂದು ಕೇಳಿದರೂ ಪಕ್ಕದ ಬೀದಿಯಲ್ಲಿ ‘ಭರವಸೆ’ ಎಂದು ಕೇಳಿದರೂ ರಕ್ತ ಒಂದೇ. ಆದರೆ ಕನ್ನಡಕ್ಕೆ ಬಂದ ಮೇಲೆ ಇದಕ್ಕೆ ಎರಡು ಮುಖ ಬಂದಿವೆ. ಭರವಸೆ ಒಬ್ಬರ ಮನಸ್ಸಿನೊಳಗೆ ಇರಬಹುದು. ಒಬ್ಬರು ಇನ್ನೊಬ್ಬರಿಗೆ ಕೊಡಲೂಬಹುದು. ಮೊದಲನೆಯದು ಭಾವ, ಎರಡನೆಯದು ವಾಗ್ದಾನ.

‘ನನಗೆ ಭರವಸೆ ಇದೆ’: ಭಾವ. ‘ಅವರ ಮೇಲೆ ಭರವಸೆ ಇಟ್ಟಿದ್ದೇನೆ’: ಇದೂ ಭಾವ, ಆದರೆ ಇನ್ನೊಬ್ಬರ ಹೆಗಲ ಮೇಲೆ ಇಟ್ಟದ್ದು, ಅವರಿಗೆ ಅದು ಗೊತ್ತೇ ಇಲ್ಲದಿರಬಹುದು. ‘ಅವರು ಭರವಸೆ ಕೊಟ್ಟರು’: ವಾಗ್ದಾನ. ‘ಭರವಸೆ ಈಡೇರಿತು’ ಎಂದು ಕೊಟ್ಟದ್ದಕ್ಕೆ ಮಾತ್ರ ಹೇಳುತ್ತೇವೆ. ಇಟ್ಟದ್ದು ಈಡೇರುವುದಿಲ್ಲ, ಉಳಿಯುತ್ತದೆ ಅಥವಾ ಹೋಗುತ್ತದೆ.

ಈ ಎರಡು ಮುಖ ಎಲ್ಲಿ ನೋವು ಕೊಡುತ್ತವೆ ಎಂದರೆ ಆಸ್ಪತ್ರೆಯಲ್ಲಿ. ಐಸಿಯು ಬಾಗಿಲಲ್ಲಿ ಡಾಕ್ಟರು ‘ಔಷಧಕ್ಕೆ ದೇಹ ಸ್ಪಂದಿಸುತ್ತಿದೆ, ಭರವಸೆ ಇಡೋಣ’ ಅನ್ನುತ್ತಾರೆ. ಹೊರಗೆ ಕಾರಿಡಾರಿನಲ್ಲಿ ಅದೇ ಮಾತು ಫೋನಿನಲ್ಲಿ ಊರಿಗೆ ಹೋಗುವಾಗ ‘ಡಾಕ್ಟ್ರು ಭರವಸೆ ಕೊಟ್ಟವ್ರೆ’ ಎಂದಾಗಿರುತ್ತದೆ. ಇಡೋಣ ಎಂಬಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಾಯುವವರು. ಕೊಟ್ಟರು ಎಂದಾಗ ಒಬ್ಬರು ಕೊಡುವವರು, ಇನ್ನೊಬ್ಬರು ಪಡೆದವರು. ಕ್ರಿಯಾಪದ ಒಂದು ಬದಲಾಯಿತು, ಹೊಣೆ ಪೂರ್ತಿ ಒಂದು ಕಡೆಗೆ ಜಾರಿತು. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಜಗಳ ಶುರುವಾಗುವುದು ಈ ಜಾರಿದ ಜಾಗದಲ್ಲೇ. ಆಡಿದವರು ಸುಳ್ಳು ಹೇಳಿರುವುದಿಲ್ಲ, ಕೇಳಿದವರು ಸುಳ್ಳು ಹೇಳಿರುವುದಿಲ್ಲ.

ಕೊಟ್ಟ ಭರವಸೆಯನ್ನು ಲೆಕ್ಕ ಇಡುವ ವ್ಯವಸ್ಥೆಯೂ ಇದೆ. ಕರ್ನಾಟಕ ವಿಧಾನಮಂಡಲದಲ್ಲಿ ‘ಸರ್ಕಾರಿ ಭರವಸೆಗಳ ಸಮಿತಿ’ ಎಂಬುದೊಂದಿದೆ. ಮಂತ್ರಿಗಳು ಸದನದಲ್ಲಿ ಎದ್ದು ನಿಂತು ‘ಮಾಡುತ್ತೇವೆ’, ‘ಪರಿಶೀಲಿಸುತ್ತೇವೆ’ ಎಂದು ಹೇಳಿದ್ದರಲ್ಲಿ ಯಾವುದು ಜಾರಿಯಾಯಿತು, ಯಾವುದು ಬಾಕಿ ಉಳಿಯಿತು ಎಂದು ನೋಡುವುದು ಅದರ ಕೆಲಸ. ಅಲ್ಲಿ ಭರವಸೆ ಎಂಬುದು ಭಾವನೆಯ ಪದವೇ ಅಲ್ಲ, ಫೈಲಿನ ಪದ.

ಚುನಾವಣೆಯ ಹೊತ್ತಿನಲ್ಲಿ ಭರವಸೆ ಎಂಬುದು ಎಷ್ಟು ಉರುಳಾಡಿತೆಂದರೆ ಅದರ ಅಂಚು ಸವೆದುಹೋಯಿತು. ‘ಬರೀ ಭರವಸೆ’ ಎಂದರೆ ಈಗ ಅರ್ಥ ಮಾಡಿಸಬೇಕಿಲ್ಲ. ಆ ಜಾಗಕ್ಕೆ 2023ರ ವಿಧಾನಸಭಾ ಚುನಾವಣೆಯಲ್ಲಿ ‘ಗ್ಯಾರಂಟಿ’ ಎಂಬ ಪದ ಬಂತು. ಹಾಗೆ ನೋಡಿದರೆ ಗ್ಯಾರಂಟಿ ನಮ್ಮ ಬಾಯಿಗೆ ಹೊಸದಲ್ಲ. ಮಿಕ್ಸಿಗೆ, ಸೈಕಲ್ ಟೈರಿಗೆ ಕೇಳುತ್ತಿದ್ದ ಪದ. ‘ಗ್ಯಾರಂಟಿ ಬತ್ತೀನಿ’ ಅಂದರೆ ಖಂಡಿತ ಬರುತ್ತೇನೆ ಎಂದು. ಕಾಗದದ ಮೇಲೆ ಮುದ್ರೆ ಒತ್ತಿದ ವಾಸನೆ ಅದಕ್ಕಿದೆ. ‘ಖಾತ್ರಿ’ಯೂ ಅದೇ ಜಾತಿಯದು. 2005ರ ಗ್ರಾಮೀಣ ಉದ್ಯೋಗದ ಕಾಯ್ದೆಯನ್ನು ಕನ್ನಡದಲ್ಲಿ ‘ಉದ್ಯೋಗ ಭರವಸೆ’ ಎನ್ನದೆ ‘ಉದ್ಯೋಗ ಖಾತ್ರಿ’ ಎಂದು ಕರೆದದ್ದು ಸರಿಯಾಗಿಯೇ ಇತ್ತು. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದು ಆ ಕಾಯ್ದೆಯಲ್ಲೇ ಬರೆದಿತ್ತು. ತಪ್ಪಿದರೆ ಏನು ಎಂಬುದಕ್ಕೂ ಉತ್ತರ ಇದ್ದರೆ ಖಾತ್ರಿ, ಇಲ್ಲದಿದ್ದರೆ ಭರವಸೆ.

‘ಆಶಾವಾದ’ ಎಲ್ಲಿಂದ ಬಂತು

ಇದು ಹೊಸಗಾಲದಲ್ಲಿ ಕಟ್ಟಿಕೊಂಡ ಪದ, ಇಂಗ್ಲಿಷಿನ ‘ಆಪ್ಟಿಮಿಸಂ’ಗೆ ಸಾಟಿಯಾಗಿ. ಆ ಮೂಲ ಪದದ ಕಥೆಯೂ ಬಹಳ ಹಳೆಯದಲ್ಲ. ಜರ್ಮನಿಯ ತತ್ತ್ವಜ್ಞಾನಿ ಲೈಬ್ನಿಟ್ಸ್ 1710ರಲ್ಲಿ, ದೇವರು ಸೃಷ್ಟಿಸಬಹುದಾಗಿದ್ದ ಜಗತ್ತುಗಳಲ್ಲೆಲ್ಲ ಇದೇ ಅತ್ಯುತ್ತಮವಾದದ್ದು ಎಂದು ವಾದಿಸಿದ್ದ. ಆ ವಾದಕ್ಕೆ 1737ರಲ್ಲಿ ಫ್ರಾನ್ಸಿನ ಜೆಸ್ಯೂಯಿಟ್ ಪಾದ್ರಿಗಳ ಪತ್ರಿಕೆಯೊಂದರಲ್ಲಿ ಈ ಹೆಸರು ಬಿತ್ತು. ಲ್ಯಾಟಿನ್ನಿನ ‘ಆಪ್ಟಿಮಂ’ ಎಂದರೆ ಅತ್ಯುತ್ತಮ. ಹುಟ್ಟುವಾಗ ಅದು ‘ಮುಂದೆ ಒಳ್ಳೆಯದಾಗುತ್ತದೆ’ ಎಂಬ ಮಾತಲ್ಲ, ‘ಇರುವುದೇ ಉತ್ತಮ’ ಎಂಬ ಮಾತು. ಈಗಿನ ಅರ್ಥ ಆಮೇಲೆ ಕೂಡಿಕೊಂಡದ್ದು.

ಕನ್ನಡದಲ್ಲಿ ‘ವಾದ’ ಸೇರಿಸಿದ್ದು ಗಾಂಧಿವಾದ, ಸಮಾಜವಾದಗಳ ಹಾಗೆ, ಒಂದು ನಿಲುವು ಎಂಬ ಅರ್ಥದಲ್ಲಿ. ಊರಿನ ಕಿವಿಗೆ ವಾದ ಎಂದರೆ ಕೋರ್ಟು, ಲಾಯರು. ಹಾಗಾಗಿ ‘ಆಶಾವಾದಿ’ ಎಂಬುದು ಭಾಷಣ, ಲೇಖನಗಳಲ್ಲಿ ಸಲೀಸಾಗಿ ಓಡಾಡಿದರೂ ಹೊಲದ ಬದುವಿನ ಮೇಲೆ ಕಾಲಿಟ್ಟದ್ದನ್ನು ನಾನು ಕೇಳಿಲ್ಲ. ಪದ ತಪ್ಪೇನಲ್ಲ, ಅದಕ್ಕೆ ಮಾಡಲು ಬೇರೆಯದೇ ಕೆಲಸವಿದೆ. ಆಸೆ, ನಿರೀಕ್ಷೆ, ಭರವಸೆಗಳು ಒಂದು ನಿರ್ದಿಷ್ಟ ವಿಷಯದ ಮೇಲೆ ನಿಲ್ಲುತ್ತವೆ: ಈ ಮಳೆ, ಈ ಬಸ್ಸು, ಈ ರೋಗಿ. ಆಶಾವಾದ ಮನುಷ್ಯನ ಒಟ್ಟು ಸ್ವಭಾವದ ಹೆಸರು. ಮನೋವಿಜ್ಞಾನಿಗಳೂ ಎರಡನ್ನೂ ಬೇರೆಯಾಗಿಯೇ ಅಳೆಯುತ್ತಾರೆ. ಅಮೆರಿಕದ ಚಾರ್ಲ್ಸ್ ಸ್ನೈಡರ್ ಭರವಸೆಯನ್ನು ವಿವರಿಸಿದ್ದು ಹೀಗೆ: ಒಂದು ಗುರಿ ಇರಬೇಕು, ಅಲ್ಲಿಗೆ ಹೋಗುವ ದಾರಿಗಳು ಕಾಣಬೇಕು, ನಡೆದೇನು ಎಂಬ ಛಲ ಇರಬೇಕು. ದಾರಿ ಕಾಣದೆ ಬರೀ ‘ಎಲ್ಲಾ ಸರಿಹೋಗುತ್ತೆ’ ಅನ್ನುವುದು ಆಶಾವಾದವಾದೀತು, ಆತನ ಲೆಕ್ಕದಲ್ಲಿ ಭರವಸೆಯಾಗದು.

ನೆಚ್ಚು

ಈ ಬೀದಿಯಲ್ಲಿ ಕನ್ನಡದ್ದೇ ಆದ ಹಳೆಯ ಮನೆಗಳು ಎರಡಿವೆ. ಒಂದು ನಂಬು. ತಮಿಳಿನಲ್ಲಿ ಇದರದೇ ರೂಪವಾದ ‘ನಂಬಿಕ್ಕೈ’ಗೆ ನಂಬಿಕೆ, ಭರವಸೆ ಎರಡೂ ಅರ್ಥವಿದೆ. ಇನ್ನೊಂದು ನೆಚ್ಚು. ‘ನೆಚ್ಚಿನ ಮಗ’, ‘ನೆಚ್ಚಿನ ನಟ’ ಎಂಬಲ್ಲಿ ಅದು ಪ್ರೀತಿಯಾಗಿ ಉಳಿದಿದೆ. ಆದರೆ ‘ನಾಲೆ ನೀರನ್ನೇ ನೆಚ್ಚಿಕೊಂಡವರು’ ಎಂಬಲ್ಲಿ ಹಳೆಯ ಅರ್ಥ ಜೀವಂತವಾಗಿದೆ. ಅದೊಂದನ್ನೇ ನಂಬಿ, ಅದಿಲ್ಲದಿದ್ದರೆ ಇನ್ನೊಂದಿಲ್ಲ ಎಂಬಂತೆ ಬದುಕು ಹೂಡಿಕೊಂಡವರು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ, ಕಟ್ಟು ಪದ್ಧತಿಯಲ್ಲಿ ನೀರು ಸರದಿ ಮೇಲೆ ಬರುವ ಕಡೆ, ಈ ಪದದ ತೂಕ ನಿಘಂಟಿನಲ್ಲಿರುವುದಕ್ಕಿಂತ ಜಾಸ್ತಿ.

‘ಬತ್ತದೆ ಬುಡು’

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಮಂಡ್ಯದ ಮಾತಿನಲ್ಲಿ ಈ ನಾಮಪದಗಳು ಅಷ್ಟಾಗಿ ಕೇಳುವುದೇ ಇಲ್ಲ. ‘ನನಗೆ ಆಶಾಭಾವ ಇದೆ’ ಎಂದು ಯಾರೂ ಅನ್ನುವುದಿಲ್ಲ. ‘ಬತ್ತದೆ ಬುಡು’, ‘ಆಯ್ತದೆ ಬುಡ್ಲಾ’ ಅನ್ನುತ್ತಾರೆ. ಇಲ್ಲಿ ಆಸೆ ಇರುವುದು ಪದದಲ್ಲಲ್ಲ, ಕ್ರಿಯಾಪದದ ಬಾಲದಲ್ಲಿ.

ಕನ್ನಡ ವ್ಯಾಕರಣದಲ್ಲಿ ಇದಕ್ಕೆ ಮೂರು ದಾರಿಗಳಿವೆ. ‘ಮಳೆ ಬರಲಿ’ ಎಂದರೆ ವಿಧ್ಯರ್ಥ, ಹಾರೈಕೆ, ಬೇಡಿಕೆ. ‘ಮಳೆ ಬಂದೀತು’ ಎಂದರೆ ಸಂಭಾವನಾರ್ಥ. ಆಗಬಹುದು ಎಂಬ ಎಣಿಕೆ. ‘ತಾಳಿದವನು ಬಾಳಿಯಾನು’ ಗಾದೆಯಲ್ಲಿರುವುದು ಇದೇ ರೂಪ. ಬಾಳುತ್ತಾನೆ ಎಂದು ಗಾದೆ ಎಲ್ಲೂ ಖಾತ್ರಿ ಕೊಟ್ಟಿಲ್ಲ ಎಂಬುದನ್ನು ಗಮನಿಸಿ. ಬಾಳಿಯಾನು, ಬಾಳಿದರೂ ಬಾಳಬಹುದು ಅಷ್ಟೇ. ಈ ರೂಪಕ್ಕೆ ಇನ್ನೊಂದು ಮುಖವೂ ಇದೆ. ಬಾವಿಯ ಕಟ್ಟೆ ಹತ್ತಿದ ಹುಡುಗನಿಗೆ ‘ಬಿದ್ದೀಯ, ಜೋಕೆ!’ ಅನ್ನುವಾಗ ಅದೇ ಸಂಭಾವನಾರ್ಥ ಎಚ್ಚರಿಕೆಯಾಗುತ್ತದೆ. ಒಳ್ಳೆಯದು ಆಗಬಹುದು, ಕೆಟ್ಟದ್ದೂ ಆಗಬಹುದು. ಎರಡಕ್ಕೂ ಭಾಷೆ ಒಂದೇ ಬಾಗಿಲು ಇಟ್ಟಿದೆ.

ಮೂರನೆಯದು ‘ಬರುತ್ತದೆ’, ನಮ್ಮ ಬಾಯಲ್ಲಿ ‘ಬತ್ತದೆ’. ಆಡುಮಾತಿನಲ್ಲಿ ಈ ರೂಪ ವರ್ತಮಾನಕ್ಕೂ ಆಗುತ್ತದೆ, ಭವಿಷ್ಯಕ್ಕೂ ಆಗುತ್ತದೆ. ‘ಸೂರ್ಯ ಮೂಡ್ತದೆ’ ಎಂದಷ್ಟೇ ನಿರಾಳವಾಗಿ ‘ಮಳೆ ಬತ್ತದೆ’ ಅನ್ನಬಹುದು. ಅದರ ಪಕ್ಕ ಕೂರುವ ‘ಬುಡು’, ಅಂದರೆ ಬಿಡು, ಏನನ್ನು ಬಿಡಲು ಹೇಳುತ್ತದೆ? ಚಿಂತೆಯನ್ನು. ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಕೇಳಿದವರೂ ಏನನ್ನು ಎಂದು ಕೇಳುವುದಿಲ್ಲ. ಯುಗಾದಿಯ ದಿನ ನೆಲ ಕಾದು ಹೆಂಚಾಗಿರುವಾಗಲೂ ಎತ್ತುಗಳನ್ನು ಸಿಂಗರಿಸಿ ಹೊನ್ನಾರು ಕಟ್ಟಿ ಎರಡು ಸಾಲು ಉತ್ತು ಬರುವ ಪದ್ಧತಿಯನ್ನು ಕಂಡವರಿಗೆ ಈ ರೂಪದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೆ ಆ ಮೂರು ಸಾಲು

ಟೀ ಅಂಗಡಿಯ ಸುದ್ದಿಗೆ ವಾಪಸ್ ಬರೋಣ. ‘ರೈತರಲ್ಲಿ ಆಶಾಭಾವ ಮೂಡಿದೆ’ ಎಂಬುದು ಮನಸ್ಸಿನ ಸುದ್ದಿ. ಅದನ್ನು ವರದಿಗಾರರು ಯಾರನ್ನು ಮಾತಾಡಿಸಿ ಬರೆದರು ಎಂಬುದಷ್ಟೇ ಅಲ್ಲಿ ಕೇಳಬಹುದಾದ ಪ್ರಶ್ನೆ. ‘ನೀರು ಹರಿಯುವ ನಿರೀಕ್ಷೆ’ ಎಂಬುದು ಲೆಕ್ಕದ ಸುದ್ದಿ. ಯಾವ ಅಂಕಿ ನೋಡಿ ಹೇಳಿದ್ದು, ಮಟ್ಟ ಎಷ್ಟು, ಒಳಹರಿವು ಎಷ್ಟು ಎಂದು ಕೇಳಬೇಕು. ‘ಭರವಸೆ ನೀಡಿದ್ದಾರೆ’ ಎಂಬುದು ಮಾತಿನ ಸುದ್ದಿ. ಕೊಟ್ಟವರು ಯಾರು, ಎಂದಿನಿಂದ, ಎಷ್ಟು ದಿನಕ್ಕೆ, ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ತೀರ್ಮಾನವಾಗಿದೆಯೋ ಇಲ್ಲವೋ. ಹೆಸರು, ತಾರೀಖು ಎರಡೂ ಇಲ್ಲದೆ ‘ಭರವಸೆ ನೀಡಿದ್ದಾರೆ’ ಎಂದಿದ್ದರೆ ಅದು ಬಸ್ ಸ್ಟ್ಯಾಂಡಿನ ಮೊದಲನೆಯವರ ಪಕ್ಕ ಕೂರಬೇಕಾದ ಮಾತು.

ಅವತ್ತಿನ ಸುದ್ದಿಯಲ್ಲಿ ಹೆಸರೂ ಇರಲಿಲ್ಲ, ತಾರೀಖೂ ಇರಲಿಲ್ಲ. ಯಜಮಾನರಿಗೆ ಅಷ್ಟು ಹೇಳಿದೆ. ಅವರು ಪೇಪರನ್ನು ನಾಲ್ಕು ಮಡಿಕೆ ಮಾಡಿ, ಚೌಕದೊಳಗಿನ ಒಳಹರಿವಿನ ಅಂಕಿ ಮೇಲೆ ಬರುವ ಹಾಗೆ ಹಿಡಿದುಕೊಂಡು, ಅಂಗಡಿಯವನಿಗೆ ಕೇಳಿದರು: “ನೆನ್ನೆದು ಎಷ್ಟಿತ್ಲಾ?”